ಮೊಟ್ಟೆಗೆ ಬೇಕಾಯಿತು ಪುರಾವೆ

2021ರ ಡಿಸೆಂಬರ್‌ನಲ್ಲಿ ರಾಜ್ಯ ಸರಕಾರ ಏಳು ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಆರಂಭಿಸಿತು. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ವಿಜಯಪುರದ ಜೊತೆ ಬಳ್ಳಾರಿಯೂ ಆ ಪಟ್ಟಿಯಲ್ಲಿತ್ತು. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. ಸಿರುಗುಪ್ಪ, ಕುರುಗೋಡಿನ ಮಕ್ಕಳಿಗೆ ಅದು ಊಟ. ಸರಕಾರದ ಕಡತದಲ್ಲಿ ಮಾತ್ರ ಅದು 'ಪ್ರಾಯೋಗಿಕ ಯೋಜನೆ'. ನನ್ನ ತಕರಾರು ಈ ಪದದ ಬಗ್ಗೆ.

ಕೆಲವು ಮಠಾಧೀಶರು ಮೊಟ್ಟೆಯನ್ನು ವಿರೋಧಿಸಿದರು. ಆಗ ಮೊಟ್ಟೆ ಕೊಟ್ಟ ಯಾದಗಿರಿಯ ಮಕ್ಕಳನ್ನೂ ಕೊಡದ ಗದಗಿನ ಮಕ್ಕಳನ್ನೂ ತೂಗಿ ನೋಡಿದ ಅಧ್ಯಯನವೊಂದು ಸರಕಾರದ ಕೈಗೆ ಬಂತು. ಎಂಟನೇ ತರಗತಿಯ ಹುಡುಗಿಯರ ತೂಕದ ಹೆಚ್ಚಳ ಯಾದಗಿರಿಯಲ್ಲಿ ಶೇ. 71ರಷ್ಟು ಅಧಿಕ ಎಂದು ಪತ್ರಿಕೆಗಳು ಬರೆದವು. 2022ರ ಜುಲೈಯಲ್ಲಿ ಯೋಜನೆ ಇಡೀ ರಾಜ್ಯಕ್ಕೆ ವಿಸ್ತರಿಸಿತು. ಮೊಟ್ಟೆಯ ಪರವಾಗಿದ್ದ ನಾವೆಲ್ಲ ಸಂತೋಷಪಟ್ಟೆವು. ಆದರೆ ಆ 71ನ್ನು ಯಾರೂ ಬಿಡಿಸಿ ನೋಡಲಿಲ್ಲ. ಒಂದು ಮಗು ಒಂದು ಕಿಲೋ, ಇನ್ನೊಂದು ಒಂದು ಕಿಲೋ ಏಳುನೂರ ಹತ್ತು ಗ್ರಾಂ ಹೆಚ್ಚಾದರೂ ಲೆಕ್ಕ ಅದೇ. ಕೊರೋನಾದಿಂದ ಮುಚ್ಚಿದ್ದ ಶಾಲೆಗಳು ತೆರೆದು ಹೆಚ್ಚು ಕಾಲವಾಗಿರಲಿಲ್ಲ. ಯಾದಗಿರಿ ಮತ್ತು ಗದಗಿನ ಬಡತನ ಒಂದೇ ಅಲ್ಲ, ಗುಳೆ ಹೋಗುವ ಕುಟುಂಬಗಳ ಪ್ರಮಾಣವೂ ಒಂದೇ ಅಲ್ಲ. ಹೆಚ್ಚಿದ ತೂಕದಲ್ಲಿ ಮೊಟ್ಟೆಯ ಪಾಲೆಷ್ಟು, ಉಳಿದುದರ ಪಾಲೆಷ್ಟು ಎಂದು ಹೇಳುವ ದಾರಿ ಈ ಹೋಲಿಕೆಯಲ್ಲಿಲ್ಲ.

ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಮೈಕಲ್ ಕ್ರೆಮರ್ ಅವರಿಗೆ 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ತಂದುಕೊಟ್ಟ ಪ್ರಯೋಗವಿಧಾನದ ಹೃದಯವೇ ಚೀಟಿ ಎತ್ತುವುದು. ಒಂದೇ ಜಿಲ್ಲೆಯ ಶಾಲೆಗಳ ಹೆಸರು ಬರೆದು ಚೀಟಿ ಎತ್ತಿ, ಅರ್ಧಕ್ಕೆ ಈಗ, ಉಳಿದರ್ಧಕ್ಕೆ ನಾಲ್ಕು ತಿಂಗಳ ಬಳಿಕ ಕೊಟ್ಟರೆ ಎರಡೂ ಗುಂಪುಗಳು ಸರಿಸುಮಾರು ಒಂದೇ ತೆರನಾಗಿರುತ್ತವೆ.

ಚೀಟಿ ಸಾಧ್ಯವಾಗದಿದ್ದರೂ ಎಚ್ಚರದಿಂದ ಹೋಲಿಸಬಹುದು. ಬಡವರ ದೊಡ್ಡ ಕಾಯಿಲೆಗಳ ಚಿಕಿತ್ಸೆಗೆಂದು ಬಂದ ವಾಜಪೇಯಿ ಆರೋಗ್ಯಶ್ರೀ 2010ರಿಂದ ಮೊದಲು ಉತ್ತರದ ಜಿಲ್ಲೆಗಳಿಗೆ ಸಿಕ್ಕಿತು. ಬಳ್ಳಾರಿ ಅದರೊಳಗಿತ್ತು. ನೀರಜ್ ಸೂದ್ ಮತ್ತು ಸಂಗಡಿಗರು ಯೋಜನೆಯ ಗಡಿಗೆ ಅಂಟಿಕೊಂಡ, ಈಚೆಯ ಮತ್ತು ಆಚೆಯ ಹಳ್ಳಿಗಳನ್ನು ಹೋಲಿಸಿದರು. ಯೋಜನೆಯೊಳಗಿನ ಕಾಯಿಲೆಗಳಿಂದ ಬಡವರು ಸಾಯುವ ಪ್ರಮಾಣ ಯೋಜನೆಯಿದ್ದ ಕಡೆ ಶೇ. 64ರಷ್ಟು ಕಡಿಮೆಯಿತ್ತು. ಯೋಜನೆಗೆ ಅರ್ಹರಲ್ಲದ, ಬಡತನ ರೇಖೆಗಿಂತ ಮೇಲಿನ ಕುಟುಂಬಗಳಲ್ಲಿ ಈ ವ್ಯತ್ಯಾಸ ಕಾಣಲಿಲ್ಲ. ನನಗೆ ಮುಖ್ಯವೆನಿಸಿದ್ದು ಈ ಎರಡನೆಯ ಮಾತು. ತಮ್ಮ ತೀರ್ಮಾನವನ್ನು ತಾವೇ ಅನುಮಾನಿಸಿ ಪರೀಕ್ಷಿಸಿದ ಕ್ರಮವದು. ಅಧ್ಯಯನ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಬಳ್ಳಾರಿಯಲ್ಲಿ ಎಷ್ಟು ಮಂದಿ ಕೇಳಿದ್ದಾರೋ!

ಅಷ್ಟಕ್ಕೂ ಮೊಟ್ಟೆಗೆ ಪ್ರಯೋಗ ಬೇಕಿತ್ತೇ? ಸಿರುಗುಪ್ಪದಿಂದ ಗಡಿ ದಾಟಿ ಆದೋನಿ ಕಡೆ ಹೋದರೆ ಆಂಧ್ರದ ಸರಕಾರಿ ಶಾಲೆಗಳಲ್ಲಿ ಅದು ಆಗಲೇ ಇತ್ತು. ಮೊಟ್ಟೆಯಲ್ಲಿ ಪೌಷ್ಟಿಕಾಂಶವಿದೆ ಎಂಬುದು ಹೊಸ ಸಂಶೋಧನೆಯಲ್ಲ. ಅನ್ನಕ್ಕೆ, ಬೇಳೆಗೆ ಯಾರೂ ಪುರಾವೆ ಕೇಳಲಿಲ್ಲ. ಬಡವರು, ದಲಿತರು, ಮುಸ್ಲಿಮರು ಮನೆಯಲ್ಲಿ ಸಂಕೋಚವಿಲ್ಲದೆ ತಿನ್ನುವ ಆಹಾರ ಶಾಲೆಯ ಬಾಗಿಲಿಗೆ ಬಂದಾಗ ಮಾತ್ರ ತಕ್ಕಡಿ ಹೊರಬಂತು. ಸರಕಾರಕ್ಕೆ ಬೇಕಿದ್ದುದು ಜ್ಞಾನವಲ್ಲ, ಗುರಾಣಿ. ಗುರಾಣಿ ಕೆಲಸ ಮಾಡಿತು, ಒಪ್ಪುತ್ತೇನೆ. ಆದರೆ ಮೊಟ್ಟೆ, ಮಾಂಸದಿಂದ ಜೀವನಶೈಲಿಯ ಕಾಯಿಲೆಗಳು ಬರುತ್ತವೆ ಎಂಬ ಮಾತು ಶಿಕ್ಷಣ ನೀತಿಗಾಗಿ ಇದೇ ರಾಜ್ಯದ ಸಮಿತಿ ಬರೆದ ವರದಿಯಲ್ಲಿ 2022ರಲ್ಲೇ ಕಾಣಿಸಿಕೊಂಡಿತು. ನಮಗೆ ಹಿತವಾದ ದುರ್ಬಲ ಅಂಕಿಯನ್ನು ಚಪ್ಪಾಳೆ ತಟ್ಟಿ ಸ್ವೀಕರಿಸಿದ ನಾವು ಆ ವರದಿಯನ್ನು ಯಾವ ಬಾಯಿಂದ ಪ್ರಶ್ನಿಸುವುದು?

2024ರ ಸೆಪ್ಟೆಂಬರ್‌ನಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್‌ನ ನೆರವಿನಿಂದ ವಾರಕ್ಕೆ ಆರು ದಿನ ಮೊಟ್ಟೆ ಕೊಡುವ ಕಾರ್ಯಕ್ರಮ ಆರಂಭವಾಯಿತು. ನಿಜವಾಗಿ ತಿಳಿಯಬೇಕಾದುದು ಇನ್ನೂ ಇದೆ. ಮೊಟ್ಟೆ ದುಬಾರಿಯಾದ ತಿಂಗಳಲ್ಲಿ ಮುಖ್ಯೋಪಾಧ್ಯಾಯರು ಏನು ಮಾಡುತ್ತಾರೆ? ಹಣ ಮುಂಗಡವಾಗಿ ಬಂದರೆ ತಟ್ಟೆಗೆ ಬೀಳುವ ಮೊಟ್ಟೆ ಹೆಚ್ಚುತ್ತದೆಯೇ? ಇದಕ್ಕೆ ಕುರುಗೋಡಿನ ಶಾಲೆಗಳಲ್ಲಿ ಚೀಟಿ ಎತ್ತಬಹುದು, ಯಾವ ಮಗುವೂ ಉಪವಾಸ ಬೀಳುವುದಿಲ್ಲ. ಬಾಳೆಹಣ್ಣು ಎತ್ತಿಕೊಂಡ ಮಗುವಿಗೆ ಅದು ನಿಜಕ್ಕೂ ಇಷ್ಟವಿತ್ತೋ, ಪಕ್ಕದಲ್ಲಿ ಕೂತವರ ಮುಖ ನೋಡಿ ಕೈ ಹಿಂದೆ ತೆಗೆಯಿತೋ ಎಂಬುದನ್ನು ಮಾತ್ರ ಆ ಮಗುವಿನ ಬಳಿ ಕೂತು ಕೇಳಬೇಕು.