ವಜ್ರದ ಮೊನೆ ಕಂಡ ಕಾಂತತೆ

ಸ್ವಿಟ್ಜರ್ಲೆಂಡಿನ ಬಾಸೆಲ್ ವಿಶ್ವವಿದ್ಯಾಲಯದ ಪ್ಯಾಟ್ರಿಕ್ ಮಾಲೆಟಿನ್‌ಸ್ಕಿ ಅವರ ತಂಡ 2019ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಬಂಧವನ್ನು ನಾನು ತೆಳು ಹರಳುಗಳ ಕಾಂತತೆ ಅಳೆಯುವ ಕ್ಷೇತ್ರದ ಮೇಲ್ಪಂಕ್ತಿ ಎಂದೇ ಎಣಿಸುತ್ತೇನೆ. ಒಂದೇ ಪದರದಷ್ಟು ತೆಳ್ಳಗಿರುವ ಕ್ರೋಮಿಯಂ ಅಯೊಡೈಡ್ ಹರಳೂ ಅಯಸ್ಕಾಂತವಾಗಬಲ್ಲದೆಂದು 2017ರಲ್ಲೇ ಗೊತ್ತಾಗಿತ್ತು. ಆದರೆ ಆಗ ಬಳಸಿದ ವಿಧಾನ ಪ್ರತಿಫಲಿಸಿದ ಬೆಳಕಿನ ಕಂಪನದ ದಿಕ್ಕು ಎಷ್ಟು ತಿರುಗಿತು ಎಂದಷ್ಟೇ ಹೇಳುತ್ತಿತ್ತು. ಕಾಂತತೆ ಎಷ್ಟು ಎಂಬುದಕ್ಕೆ ನೇರ ಅಂಕಿ ಸಿಗುತ್ತಿರಲಿಲ್ಲ.

ಬಾಸೆಲ್ ತಂಡ ಆ ಅಂಕಿಯನ್ನು ಪಡೆದದ್ದು ವಜ್ರದ ಒಂದು ದೋಷದಿಂದ. ವಜ್ರದೊಳಗೆ ಒಂದು ಇಂಗಾಲದ ಜಾಗದಲ್ಲಿ ನೈಟ್ರೋಜನ್ ಕೂತು, ಅದರ ಪಕ್ಕದ ಜಾಗ ಖಾಲಿ ಬಿದ್ದಿದ್ದರೆ, ಅಲ್ಲಿನ ಎಲೆಕ್ಟ್ರಾನುಗಳ ಸ್ಪಿನ್ (ಪುಟ್ಟ ಅಯಸ್ಕಾಂತದಂಥ ಗುಣ) ಸುತ್ತಲಿನ ಕಾಂತಕ್ಷೇತ್ರಕ್ಕೆ ಸ್ಪಂದಿಸುತ್ತದೆ. ಹಸಿರು ಲೇಸರ್ ಬಿದ್ದಾಗ ಆ ತಾಣ ಕೆಂಪಗೆ ಹೊಳೆಯುತ್ತದೆ. 2.87 ಗಿಗಾಹರ್ಟ್ಸ್ ಮೈಕ್ರೊವೇವ್ ಹಾಯಿಸಿದರೆ ಹೊಳಪು ತಗ್ಗುತ್ತದೆ. ಕಾಂತಕ್ಷೇತ್ರವಿದ್ದರೆ ಹೀಗೆ ತಗ್ಗುವ ಆವರ್ತನ ಟೆಸ್ಲಾಗೆ ಸುಮಾರು 28 ಗಿಗಾಹರ್ಟ್ಸ್‌ನಂತೆ ಸರಿಯುತ್ತದೆ. ಈ ದರ ಎಲ್ಲ ವಜ್ರಗಳಲ್ಲೂ ಒಂದೇ. ವಿಧಾನದ ದೊಡ್ಡ ಬಲ ಇದೇ ಎಂಬುದು ನನ್ನ ಎಣಿಕೆ.

ಇಂಥ ಒಂದೇ ಒಂದು ದೋಷವಿರುವ ವಜ್ರದ ಮೊನೆಯನ್ನು ಹರಳಿನ ಮೇಲೆ ಆಡಿಸಿದಾಗ ಒಂಟಿ ಪದರದ ಕಾಂತತೆ ಚದರ ನ್ಯಾನೋಮೀಟರಿಗೆ ಸುಮಾರು 16 ಬೋರ್ ಮ್ಯಾಗ್ನೆಟಾನ್ (ಪರಮಾಣು ಮಟ್ಟದ ಕಾಂತತೆಯ ಅಳತೆಮಾನ) ಎಂದು ತಿಳಿಯಿತು. ಬೆಸ ಸಂಖ್ಯೆಯ ಪದರಗಳಿರುವ ತುಣುಕುಗಳಲ್ಲೂ ಹೆಚ್ಚುಕಡಿಮೆ ಅಷ್ಟೇ. ಸಮ ಸಂಖ್ಯೆಯಿದ್ದರೆ ಶೂನ್ಯ. ಅಂದರೆ ಅಕ್ಕಪಕ್ಕದ ಪದರಗಳು ವಿರುದ್ಧ ದಿಕ್ಕಿಗೆ ಮುಖಮಾಡಿ ಒಂದನ್ನೊಂದು ಅಳಿಸಿಹಾಕುತ್ತಿದ್ದವು. ಹರಳಿನ ರಚನೆ ಬದಲಾದರೆ ಪದರಗಳು ಒಂದೇ ದಿಕ್ಕಿಗೆ ತಿರುಗಬಲ್ಲವು ಎಂಬುದನ್ನೂ ತಂಡ ತೋರಿಸಿತು. ಪ್ರಬಂಧದಲ್ಲಿ ನನಗೆ ಅತ್ಯಂತ ಮೌಲಿಕವೆನಿಸಿದ ಭಾಗ ಅದು: ಕಾಂತತೆಯ ಗುಟ್ಟು ಪದರಗಳನ್ನು ಜೋಡಿಸಿದ ಬಗೆಯಲ್ಲೇ ಇದೆ.

ಆದರೂ ಈ ಬಗೆಯ ಚಿತ್ರಗಳನ್ನು ಎಚ್ಚರದಿಂದ ಓದಬೇಕು. ಮೊನೆ ಅಳೆಯುವುದು ಹರಳಿನಿಂದ ಹೊರಚೆಲ್ಲುವ ಕ್ಷೇತ್ರವನ್ನು. ಒಳಗಿನ ಕಾಂತತೆ ನಮಗೆ ಸಿಗುವುದು ಗಣಿತದ ಮೂಲಕ. ಒಂದೇ ಕ್ಷೇತ್ರಕ್ಕೆ ಒಂದಕ್ಕಿಂತ ಹೆಚ್ಚು ವಿನ್ಯಾಸಗಳು ಹೊಂದಬಹುದು, ಆದ್ದರಿಂದ ಕಾಂತತೆ ಯಾವ ದಿಕ್ಕಿಗಿದೆ ಎಂದು ಮೊದಲೇ ಊಹಿಸಿಕೊಳ್ಳಬೇಕಾಗುತ್ತದೆ. ಚಿತ್ರದ ಸೂಕ್ಷ್ಮತೆ ದೋಷಕ್ಕೂ ಹರಳಿಗೂ ಇರುವ ಅಂತರವನ್ನು ಅವಲಂಬಿಸಿದೆ. ಅದು ಸಾಮಾನ್ಯವಾಗಿ ಹತ್ತಾರು ನ್ಯಾನೋಮೀಟರ್. ಅಂತರ ತಗ್ಗಿಸಲೆಂದು ದೋಷವನ್ನು ವಜ್ರದ ಮೇಲ್ಮೈಗೆ ತೀರ ಹತ್ತಿರ ತಂದರೆ ಮೇಲ್ಮೈಯ ಗದ್ದಲಕ್ಕೆ ಸ್ಪಿನ್ನಿನ ಸ್ಥಿರತೆಯೇ ಕೆಡುತ್ತದೆ.

ಈ ವಿಧಾನ ಈಗ ಹಲವು ಪ್ರಯೋಗಾಲಯಗಳಿಗೆ ಹಬ್ಬಿದೆ. ಲೆಕ್ಕ ಹಾಕಿ ಪಡೆದ ಬಣ್ಣದ ನಕ್ಷೆಯ ಪಕ್ಕದಲ್ಲೇ ಅಳೆದ ಕ್ಷೇತ್ರದ ಮೂಲ ನಕ್ಷೆಯನ್ನೂ ಮೊನೆಯ ಅಂತರವನ್ನೂ ಪ್ರತಿ ಪ್ರಬಂಧವೂ ಅಚ್ಚು ಹಾಕಲಿ, ಓದುಗರೂ ಅವನ್ನು ಕೇಳಿ ಪಡೆಯಲಿ.