ಕ್ಯಾತೆ ಯಾರದು? ಇಂಗ್ಲಿಷ್ ಬರವಣಿಗೆಯಲ್ಲಿ 'ಕ್ವಿಬಲ್' ಪದದ ಬಳಕೆ ಕುರಿತು

ಸಂಶೋಧನಾ ವಿದ್ಯಾರ್ಥಿಯೊಬ್ಬರು ಪರಿಶೀಲಕರಿಗೆ ಇಂಗ್ಲಿಷಿನಲ್ಲಿ ಬರೆದ ಉತ್ತರದ ಕರಡು ಈಚೆಗೆ ನಮ್ಮ ಕೈಸೇರಿತು. 'ತಮ್ಮ ಕ್ವಿಬಲ್‌ಗಳಿಗೆ ಕೃತಜ್ಞರು' ಎಂಬರ್ಥದ ವಾಕ್ಯದಿಂದ ಅದು ಆರಂಭವಾಗಿತ್ತು. ಮಧುಗಿರಿ ಕಡೆಯ ಆ ವಿದ್ಯಾರ್ಥಿಯ ಮನಸ್ಸಿನಲ್ಲಿದ್ದುದು 'ಸಣ್ಣ ತಕರಾರು'; ಓದುವವರಿಗೆ ತಲುಪುವುದು 'ನಿಮ್ಮ ಕ್ಯಾತೆ'. ವಾಕ್ಯದಲ್ಲಿ ವ್ಯಾಕರಣದೋಷವಿಲ್ಲ. ಎಡವಿರುವುದು ಪುರುಷದ ವಿಷಯದಲ್ಲಿ.

ಇಂಗ್ಲಿಷಿನಲ್ಲಿ ಈ ನಾಮಪದ ಉತ್ತಮ ಪುರುಷದಲ್ಲಿ ವಿನಯಸೂಚಕ: ಆಕ್ಷೇಪಿಸುವವರೇ ತಮ್ಮ ಆಕ್ಷೇಪವನ್ನು ಕಿರಿದಾಗಿಸಿಕೊಳ್ಳುತ್ತಾರೆ. ಮಧ್ಯಮ ಪುರುಷಕ್ಕೆ ಹಚ್ಚಿದೊಡನೆ ಅದು ಆರೋಪವಾಗುತ್ತದೆ. 'ಮೈನರ್ ಕ್ವಿಬಲ್' ಪುನರುಕ್ತಿಯೆಂದು ತಿದ್ದುವವರಿದ್ದಾರೆ. ಅಲ್ಲಿ ವಿಶೇಷಣ ಅಳತೆಯನ್ನಲ್ಲ, ಸೌಜನ್ಯವನ್ನು ಹೇಳುತ್ತದೆಂದು ನಮ್ಮ ಅಭಿಪ್ರಾಯ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಆಡುನುಡಿಯಲ್ಲಿ ಈ ಎರಡು ಕೆಲಸಗಳನ್ನು ಒಂದೇ ಪದ ಮಾಡುವುದಿಲ್ಲ. 'ನಂದೇನೂ ತಕರಾರಿಲ್ಲ' ಎಂಬುದು ಸಹಜ. 'ನಂದೊಂದು ಕ್ಯಾತೆ ಐತೆ' ಎಂದು ತಮಾಷೆಗಲ್ಲದೆ ಯಾರೂ ಹೇಳರು. ಕ್ಯಾತೆ ತೆಗೆಯುವವರು ಸದಾ ಎದುರಿನವರು. ಹಾಗೆಂದು ತಕರಾರು ಕಿರಿದೂ ಅಲ್ಲ. ಅರಬ್ಬಿಯಲ್ಲಿ 'ಪುನರಾವರ್ತನೆ'ಯಾಗಿದ್ದ ಈ ಪದ ಮರಾಠಿಯಲ್ಲಿ ದೂರು, ನಮ್ಮಲ್ಲಿ ಕಂದಾಯ ಕಚೇರಿಯ ಮಾತು. (1687ರಿಂದ ಶಿರಾ ಮೊಘಲ್ ಪ್ರಾಂತ್ಯದ ಕೇಂದ್ರವಾಗಿತ್ತೆಂದು ಪದ ಅಲ್ಲಿಂದಲೇ ಹರಡಿತೆನ್ನುವುದು ಆಕರ್ಷಕ, ದಖ್ಖನಿನುದ್ದಕ್ಕೂ ಇರುವ ಪದಕ್ಕೆ ಅಷ್ಟು ಸಾಕ್ಷ್ಯ ಸಾಲದು.) 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ 129ನೇ ಪ್ರಕರಣದಂತೆ, ಹಕ್ಕು ಬದಲಾವಣೆಗೆ ಬಂದ ಆಕ್ಷೇಪಣೆ ವಿವಾದಿತ ಪ್ರಕರಣಗಳ ರಿಜಿಸ್ಟರಿಗೆ ಏರುತ್ತದೆ. ಜಮೀನಿನ ಮೇಲೆ ತಕರಾರು ಬಿದ್ದ ಮನೆಯವರಿಗೆ ಅದು ಕ್ವಿಬಲ್ ಎಂದರೆ ನಗುವುದೂ ಕಷ್ಟ.

ಪಾವಗಡದ ದ್ವಿಭಾಷಿಕರಲ್ಲಿ ಪುರುಷಭೇದ ಇನ್ನಷ್ಟು ಸ್ಪಷ್ಟ. 'ತಿರುವು' ಎಂಬರ್ಥದ ಪಾರಸಿ ಪದವೊಂದೇ ಕನ್ನಡದಲ್ಲಿ ತಾನು ಅನುಭವಿಸುವ ಪೇಚಾಟವಾಗಿದೆ, ತೆಲುಗಿನಲ್ಲಿ ಇನ್ನೊಬ್ಬರು ಹೂಡುವ 'ಪೇಚೀ' ಆಗಿದೆ.

ಕ್ವಿಬಲ್‌ಗೆ 'ವಾಕ್ಛಲ' ಎಂಬ ಸಮಾನಪದ ಕೊಡುವ ರೂಢಿಯನ್ನೂ ಇಲ್ಲಿ ಪರಿಶೀಲಿಸಬೇಕು. ನ್ಯಾಯದರ್ಶನದ ಪ್ರಸಿದ್ಧ ಉದಾಹರಣೆಯಲ್ಲಿ, ಹೊಸ ಕಂಬಳಿಯುಳ್ಳವನೆಂಬ ಅರ್ಥದಲ್ಲಿ 'ನವಕಂಬಲ' ಎಂದವನಿಗೆ ಪ್ರತಿವಾದಿಯು 'ಒಂಬತ್ತು ಕಂಬಳಿಗಳೆಲ್ಲಿ?' ಎಂದು ಕೇಳುತ್ತಾನೆ. 1765ರಲ್ಲಿ ಶೇಕ್ಸ್‌ಪಿಯರನ ಕೃತಿಗಳಿಗೆ ಮುನ್ನುಡಿ ಬರೆದ ಸ್ಯಾಮ್ಯುಯೆಲ್ ಜಾನ್ಸನ್ ಕ್ವಿಬಲ್ ಎಂದು ಆಕ್ಷೇಪಿಸಿದ್ದು ಇಂಥ ಶ್ಲೇಷೆಯನ್ನೇ. ಆ ಕಾಲದ ಅರ್ಥಕ್ಕೆ ವಾಕ್ಛಲ ಸಲ್ಲುತ್ತದೆ. ಅಡಿಟಿಪ್ಪಣಿಯ ಕ್ರಮಸಂಖ್ಯೆ ತಪ್ಪಿದೆ ಎನ್ನುವ ಇಂದಿನ ಪರಿಶೀಲಕರಲ್ಲಿ ಛಲವೇನೂ ಇಲ್ಲ. ಸಮಾನಪದದ ಜೊತೆಗೆ ಅದನ್ನು ಯಾವ ಪುರುಷದಲ್ಲಿ ಆಡಬಹುದೆಂಬ ಸೂಚನೆಯನ್ನೂ ನಿಘಂಟು ಕೊಡಬೇಕು.

ಉತ್ತರಪತ್ರಗಳಲ್ಲಿ 'ಕಾಮೆಂಟ್' ಎಂಬ ಸಪ್ಪೆ ಪದವೇ ಸರಿ. ನಮ್ಮ ವಿದ್ಯಾರ್ಥಿ ಅದನ್ನೇ ಬರೆದರು. ಪರಿಶೀಲಕರೂ ಎಚ್ಚರ ವಹಿಸಬೇಕಿದೆ. ಅದೇ ಹಸ್ತಪ್ರತಿಯ ಪರಿಶೀಲನಾ ವರದಿಯು, ಪಾವಗಡದ ಭಾಷಿಕರಲ್ಲಿ ಯಾರ ಮನೆಮಾತು ತೆಲುಗು ಎಂಬುದು ದಾಖಲಾಗಿಲ್ಲವೆಂಬ ಅಂಶವನ್ನು 'ಕ್ವಿಬಲ್ಸ್' ತಲೆಬರಹದಡಿ, ಅಚ್ಚುದೋಷಗಳ ನಡುವೆ ಸೇರಿಸಿತ್ತು. ವಿದ್ಯಾರ್ಥಿ ಅಚ್ಚುದೋಷಗಳನ್ನು ತಿದ್ದಿ, ಅದನ್ನು ಹಾಗೆಯೇ ಬಿಟ್ಟಿದ್ದರು.