ದ್ವೀಪದ ಶಾಲೆಯೂ ಅಧ್ಯಾಪಕನ ಗ್ರಂಥವೂ

ಉಪಾಧ್ಯಾಯರು ತಮ್ಮ ವೃತ್ತಿಯನ್ನು ಕುರಿತು ಬರೆದ ಆತ್ಮಕಥನಗಳು ಇಂಗ್ಲಿಷಿನಲ್ಲಿ ವಿಪುಲವಾಗಿವೆ. ಅವುಗಳಲ್ಲಿ ಅನೇಕವು ಒಂದೇ ಎರಕದಲ್ಲಿ ಹೊಯ್ದಂಥವು: ಉತ್ಸಾಹಿಯಾದ ತರುಣನೊಬ್ಬ ಹಿಂದುಳಿದ ಊರಿಗೆ ಹೋಗುತ್ತಾನೆ, ಮಕ್ಕಳ ಮನಸ್ಸನ್ನು ಗೆಲ್ಲುತ್ತಾನೆ, ಅಧಿಕಾರಿಗಳೊಡನೆ ಹೋರಾಡುತ್ತಾನೆ, ಕೊನೆಗೆ ಅಲ್ಲಿಂದ ಹೊರಡುತ್ತಾನೆ. 1972ರಲ್ಲಿ ಪ್ರಕಟವಾದ ಪ್ಯಾಟ್ ಕಾನ್ರಾಯ್ ಅವರ ‘ದಿ ವಾಟರ್ ಈಸ್ ವೈಡ್’ ಹೊರನೋಟಕ್ಕೆ ಈ ಜಾತಿಯ ಗ್ರಂಥವೇ. ಆದರೂ ಅದನ್ನು ಇಲ್ಲಿ ವಿವೇಚನೆಗೆ ಎತ್ತಿಕೊಂಡಿರುವುದಕ್ಕೆ ಕಾರಣವುಂಟು. ಗ್ರಾಮಾಂತರದ ಕೌಂಟಿಯೊಂದರಲ್ಲಿ ಸಾರ್ವಜನಿಕ ಶಾಲೆ ಹೇಗೆ ನಡೆಯುತ್ತದೆ, ಅಥವಾ ಹೇಗೆ ನಡೆಯದೆ ನಿಲ್ಲುತ್ತದೆ ಎಂಬುದನ್ನು ಇಷ್ಟು ಹತ್ತಿರದಿಂದ ಕಂಡ ಕೃತಿಗಳು ವಿರಳ. ತಾನು ಕಂಡದ್ದರಲ್ಲಿ ಒಂದು ಮುಖ್ಯಾಂಶವನ್ನು ಮಾತ್ರ ಈ ಕೃತಿ ಗುರುತಿಸದೆ ಹೋಯಿತೆಂಬುದು ನಮ್ಮ ಅಭಿಪ್ರಾಯ.

ಅಮೆರಿಕದ ದಕ್ಷಿಣ ಕ್ಯಾರೊಲಿನಾ ಸಂಸ್ಥಾನದ ಬ್ಯೂಫರ್ಟ್ ಕೌಂಟಿ ಅಳಿವೆ, ಜೌಗು, ದ್ವೀಪಗಳ ನಾಡು. ಅದರ ತೆಂಕಣ ತುದಿಯಲ್ಲಿರುವ ಡಾಫಸ್ಕಿ ದ್ವೀಪಕ್ಕೆ ಅಂದು ಸೇತುವೆಯಿರಲಿಲ್ಲ, ಇಂದಿಗೂ ಇಲ್ಲ. ಗ್ರಂಥದಲ್ಲಿ ಇದಕ್ಕೆ ಯಾಮಕ್ರಾ ಎಂಬ ಹೆಸರನ್ನಿಟ್ಟಿದ್ದಾರೆ. ಗುಲಾಮರಾಗಿ ಬಂದವರ ಸಂತತಿಯವರು ಅಲ್ಲಿ ಬೇಸಾಯದಿಂದಲೂ ಸಮುದ್ರದ ಸಿಂಪಿಯಿಂದಲೂ ಬದುಕಿದ್ದರು. ಸವಾನ್ನಾ ನದಿಯಲ್ಲಿ ಹರಿದು ಬಂದ ಕಾರ್ಖಾನೆಗಳ ಕೊಳೆ ಸಿಂಪಿಯ ನೆಲೆಗಳನ್ನು ಕೆಡಿಸಿದ ಮೇಲೆ ದುಡಿಯಬಲ್ಲವರು ಬಹುಮಟ್ಟಿಗೆ ದ್ವೀಪವನ್ನು ಬಿಟ್ಟರು. 1969ರಲ್ಲಿ ಕಾನ್ರಾಯ್ ಅಲ್ಲಿಗೆ ಹೋದಾಗ ಇದ್ದದ್ದು ಎರಡು ಕೋಣೆಗಳ ಶಾಲೆ. ಅವರ ಪಾಲಿಗೆ 5ರಿಂದ 8ನೆಯ ತರಗತಿಯವರೆಗಿನ 18 ಮಕ್ಕಳು. ಎಲ್ಲರೂ ಕಪ್ಪು ಜನರ ಮಕ್ಕಳು. ವರ್ಣಭೇದದ ಶಾಲೆಗಳು ಸಂವಿಧಾನಕ್ಕೆ ವಿರುದ್ಧವೆಂದು ಆ ದೇಶದ ಸುಪ್ರೀಂ ಕೋರ್ಟು 1954ರಲ್ಲಿಯೇ ತೀರ್ಪಿತ್ತಿತ್ತು. ತೀರ್ಪು ನೀರನ್ನು ದಾಟಿರಲಿಲ್ಲ.

ಕೃತಿಯಲ್ಲಿ ಬಹಳವಾಗಿ ಹೊಗಳಿಸಿಕೊಂಡ ಭಾಗ ಮೊದಲ ದಿನಗಳ ಪರೀಕ್ಷೆ. ಕೆಲವರಿಗೆ ಅಕ್ಷರಮಾಲೆ ಬಾರದು. ಕೆಲವರು ತಮ್ಮ ಹೆಸರನ್ನೇ ಬರೆಯಲಾರರು. ತಾವಿರುವ ದೇಶದ ಹೆಸರನ್ನು ಅರಿಯದವರಿದ್ದಾರೆ. ಕಾನ್ರಾಯ್ ಇವನ್ನು ಒಂದರ ಮೇಲೊಂದು ಪೇರಿಸುತ್ತ ಹೋಗುತ್ತಾರೆ. ಓದುಗನ ಕೋಪ ಪಾಪ ಮಕ್ಕಳ ಮೇಲಲ್ಲದೆ ಕೌಂಟಿಯ ಮೇಲೆ ತಿರುಗುತ್ತದೆ. ಈ ಕೋಪ ನ್ಯಾಯವಾದದ್ದೆಂಬುದರಲ್ಲಿ ಸಂಶಯವಿಲ್ಲ. ವರ್ಷಗಟ್ಟಲೆ ಶಾಲೆಯಲ್ಲಿ ಕೂರಿಸಿ ಅಕ್ಷರವನ್ನು ಕಲಿಸದ ವ್ಯವಸ್ಥೆಗೆ ಸಮಾಧಾನ ಹೇಳುವವರಾರು? ಆದರೆ ಈ ಪ್ರಶ್ನೆಗಳೆಲ್ಲವೂ ದೋಣಿಯಿಂದ ಇಳಿದು ಬಂದವನ ಪ್ರಶ್ನೆಗಳು. ಭರತ ಇಳಿತಗಳನ್ನೂ ಏಡಿಯ ಜಾಡನ್ನೂ ಬಲ್ಲ ಮಕ್ಕಳಿಗೆ ತಿಳಿದದ್ದನ್ನು ಎಣಿಸುವ ಪಟ್ಟಿ ಗ್ರಂಥದಲ್ಲಿ ಅಷ್ಟೇ ಶ್ರದ್ಧೆಯಿಂದ ಬರುವುದಿಲ್ಲ. ಬಂದರೂ ಅದು ವಿನೋದವಾಗಿಯೋ ವಿಸ್ಮಯವಾಗಿಯೋ ಬರುತ್ತದೆ, ಪ್ರಮಾಣವಾಗಿ ಬರುವುದಿಲ್ಲ.

ಭಾಷೆಯ ವಿಷಯದಲ್ಲಿ ಈ ನ್ಯೂನತೆ ಸ್ಪಷ್ಟವಾಗುತ್ತದೆ. ದ್ವೀಪದ ಜನ ಆಡುತ್ತಿದ್ದುದು ಗಲ್ಲಾ ಎಂಬ ನುಡಿ. ಮಕ್ಕಳ ಬಾಯಲ್ಲಿ ಕಾನ್ರಾಯ್ ‘ಕಾನ್ರ್ಯಾಕ್’ ಆದರು. 1974ರಲ್ಲಿ ಬಂದ ಚಲನಚಿತ್ರಕ್ಕೆ ಅದೇ ಹೆಸರಾಯಿತು. ಗ್ರಂಥಕರ್ತರಿಗೆ ಈ ಮಾತಿನ ಮೇಲೆ ಪ್ರೀತಿಯಿದೆ, ಆದರೆ ಅದನ್ನು ಅವರು ದಾಟಬೇಕಾದ ಅಡ್ಡಿಯೆಂದೇ ಎಣಿಸುತ್ತಾರೆ. ಈ ನುಡಿಯಲ್ಲಿ ಆಫ್ರಿಕದ ಭಾಷೆಗಳಿಂದ ಬಂದ ಸಾವಿರಾರು ಹೆಸರುಗಳೂ ಪದಗಳೂ ಉಳಿದಿವೆಯೆಂದು ಲೊರೆಂಜೊ ಡೌ ಟರ್ನರ್ 1949ರಲ್ಲಿಯೇ, ಅಂದರೆ ಈ ಗ್ರಂಥಕ್ಕೆ 23 ವರ್ಷಗಳ ಹಿಂದೆಯೇ, ಸಾಧಾರವಾಗಿ ತೋರಿಸಿದ್ದರು. ಕೌಂಟಿಯ ಅಧಿಕಾರಿಗಳು ಅದನ್ನು ಓದಿರಬೇಕೆಂದು ನಾವು ನಿರೀಕ್ಷಿಸುವುದಿಲ್ಲ. ಅವರನ್ನು ಎದುರಿಸಿ ನಿಂತ ಅಧ್ಯಾಪಕರೂ ಈ ಒಂದು ವಿಷಯದಲ್ಲಿ ಅವರ ಪಕ್ಕದಲ್ಲಿಯೇ ನಿಂತದ್ದು ಸೋಜಿಗ. ಮನೆಯಲ್ಲಿ ತುಳುವನ್ನೋ ಕೊಡವ ನುಡಿಯನ್ನೋ ಆಡಿಕೊಂಡು ಬಂದ ವಿದ್ಯಾರ್ಥಿ ಕನ್ನಡದ ಪಾಠದಲ್ಲಿ ತಡವರಿಸಿದರೆ ನಮ್ಮ ಕೈಯೂ ಮೊದಲು ಅಂಕಗಳನ್ನು ಕಳೆಯುವುದಕ್ಕೇ ಹೋಗುತ್ತದೆಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು.

ಇದಕ್ಕೆ ಅಪವಾದವಾದ ಪುಟಗಳೂ ಇವೆ. ಗ್ರಾಮಫೋನ್ ತಟ್ಟೆಗಳನ್ನು ತಂದು ಬೀಥೋವನ್ನನ ಸಂಗೀತವನ್ನು ಕೇಳಿಸುವ ಸಂದರ್ಭ ಅಂಥದು. ಆ ಹೆಸರು ಮಕ್ಕಳ ಬಾಯಲ್ಲಿ ಬೇರೆಯೇ ರೂಪವನ್ನು ತಾಳುತ್ತದೆ. ಆದರೆ ಸ್ವರಗಳನ್ನು ಅವರು ತಪ್ಪದೆ ಗುರುತಿಸುತ್ತಾರೆ. ಇಲ್ಲಿ ಗುರು ಎಣಿಸುವುದನ್ನು ಬಿಟ್ಟು ಕೇಳುತ್ತಾನೆ. ಗ್ರಂಥದ ಅತ್ಯುತ್ತಮ ಭಾಗ ನಮ್ಮ ಮಟ್ಟಿಗೆ ಇದೇ.

ಪಾತ್ರನಿರೂಪಣೆ ಅಷ್ಟು ಸಮರ್ಪಕವಲ್ಲ. ಬೆತ್ತವನ್ನೇ ನೆಚ್ಚಿದ ಮುಖ್ಯೋಪಾಧ್ಯಾಯಿನಿ ತಾನೂ ಕಪ್ಪು ಜನಾಂಗದವಳು. ಬಿಳಿಯರ ಲೋಕದಲ್ಲಿ ಈ ಮಕ್ಕಳು ಉಳಿಯಬೇಕಾದರೆ ಶಿಸ್ತಲ್ಲದೆ ಬೇರೆ ಗತಿಯಿಲ್ಲವೆಂಬುದು ಅವಳ ನಂಬಿಕೆ. ಆ ನಂಬಿಕೆಯ ಹಿಂದೆ ಎಷ್ಟು ಭಯವಿದೆ, ಎಷ್ಟು ಅನುಭವವಿದೆ ಎಂಬುದನ್ನು ಗ್ರಂಥಕರ್ತರು ತೂಗಿನೋಡುವುದಿಲ್ಲ. ತಮ್ಮ ತಾರುಣ್ಯದ ವರ್ಣದ್ವೇಷವನ್ನು ನಿಸ್ಸಂಕೋಚವಾಗಿ ಒಪ್ಪಿಕೊಳ್ಳುವ ಲೇಖಕರು ಅವಳಿಗೆ ಅಷ್ಟು ಔದಾರ್ಯವನ್ನು ತೋರಿಸದಿರುವುದು ನಮಗೆ ಕೊರತೆಯಾಗಿ ಕಾಣುತ್ತದೆ.

ಕೌಂಟಿಯ ಆಡಳಿತವನ್ನು ಚಿತ್ರಿಸುವಾಗ ಮಾತ್ರ ಲೇಖನಿ ಹರಿತವಾಗುತ್ತದೆ. ಕಾನ್ರಾಯ್ ದಿನವೂ ದೋಣಿಯಲ್ಲಿ ಬಂದು ಹೋಗತೊಡಗಿದ ಮೇಲೆ ವಿವಾದ ಬೆಳೆದದ್ದು ಬೋಧನಕ್ರಮವನ್ನು ಕುರಿತಲ್ಲ, ದೋಣಿಯ ಪೆಟ್ರೋಲಿನ ಖರ್ಚನ್ನು ಕುರಿತು. ಮಕ್ಕಳಿಗೆ ಓದು ಬರುತ್ತದೆಯೇ ಎಂದು ಯಾರೂ ಕೇಳಲಿಲ್ಲ. ಬಿಲ್ಲು ಯಾರದೆಂದು ಎಲ್ಲರೂ ಕೇಳಿದರು. 1970ರಲ್ಲಿ ಅವರನ್ನು ಕೆಲಸದಿಂದ ತೆಗೆದುಹಾಕಿದರು. ಆಜ್ಞೆ ಮೀರಿದ್ದು, ಕರ್ತವ್ಯವನ್ನು ಅಲಕ್ಷಿಸಿದ್ದು ಮೊದಲಾದವು ಆರೋಪಗಳು. ದ್ವೀಪದ ತಾಯಂದಿರು ಮಕ್ಕಳನ್ನು ಶಾಲೆಗೆ ಕಳುಹಿಸದೆ ಪ್ರತಿಭಟಿಸಿದರು. ಅವರಿಗೆ ಕಾನೂನಿನ ಬೆದರಿಕೆ ಬಂತು. ಮಕ್ಕಳು ಕಲಿಯದಿದ್ದ ವರ್ಷಗಳಲ್ಲಿ ಎಚ್ಚರಗೊಳ್ಳದ ಕಾನೂನು ಅವರು ಗೈರುಹಾಜರಾದ ಕೂಡಲೇ ಎದ್ದು ಕುಳಿತಿತು. ಇಲ್ಲಿ ಖಳನನ್ನು ಹುಡುಕಿ ಮೇಲಧಿಕಾರಿಯೊಬ್ಬನನ್ನು ಲೇಖಕರು ಮುಂದೆ ನಿಲ್ಲಿಸುತ್ತಾರಾದರೂ ಅವರದೇ ಪುಟಗಳು ಬೇರೆಯದನ್ನು ಹೇಳುತ್ತವೆ: ಅಲ್ಲಿ ದುಷ್ಟನೊಬ್ಬನ ಅವಶ್ಯಕತೆಯೇ ಇರಲಿಲ್ಲ, ಕ್ರಮಬದ್ಧವಾದ ಕಡತವೊಂದಿದ್ದರೆ ಸಾಕಾಗಿತ್ತು.

ಆ 18 ಮಕ್ಕಳಲ್ಲಿ ಒಬ್ಬರಾದ ಸ್ಯಾಲಿ ಆನ್ ರಾಬಿನ್ಸನ್ 2003ರಲ್ಲಿ ಡಾಫಸ್ಕಿಯ ಗಲ್ಲಾ ಅಡುಗೆಯನ್ನು ಕುರಿತು ಒಂದು ಗ್ರಂಥವನ್ನು ಪ್ರಕಟಿಸಿದರು. ಪಾಕವಿಧಾನಗಳೊಡನೆ ದ್ವೀಪದ ಬಾಳಿನ ನೆನಪುಗಳೂ ಅದರಲ್ಲಿ ಸೇರಿವೆ. 1969ರ ಪಟ್ಟಿಯಲ್ಲಿ ಯಾರೂ ಕೇಳದಿದ್ದ ಪ್ರಶ್ನೆಗಳಿಗೆ ಅಲ್ಲಿ ಉತ್ತರಗಳಿವೆ. ಅದಕ್ಕೆ ಮುನ್ನುಡಿ ಬರೆದವರು ಕಾನ್ರಾಯ್ ಅವರೇ. ‘ದಿ ವಾಟರ್ ಈಸ್ ವೈಡ್’ ಅನ್ನು ತರಗತಿಯಲ್ಲಿ ಪಾಠ ಹೇಳುವವರು ಈ ಎರಡನೆಯ ಗ್ರಂಥವನ್ನೂ ಅದರ ಜೊತೆಗೆ ಮೇಜಿನ ಮೇಲೆ ಇಟ್ಟುಕೊಳ್ಳಬೇಕೆಂದು ನಮ್ಮ ಸೂಚನೆ.